ಥಾಮಸ್ ಸ್ಟೀಫನ್ಸ್

ಸಿಂಧನೂರು, ಮಸ್ಕಿಗಳನ್ನು ದಾಟಿ ಲಿಂಗಸೂಗೂರು ಸೀಮೆಯನ್ನು ಹೊಕ್ಕರೆ ಮುದಗಲ್ಲೆಂಬ ಕೋಟೆಯ ಊರು ಸಿಗುತ್ತದೆ. ಅಲ್ಲಿಯ ಕಥೋಲಿಕ ಕ್ರೈಸ್ತರದು ಬಹು ಹಳೆಯ ಸಮುದಾಯ. ಬಿಜಾಪುರದ ಆದಿಲಶಾಹಿಗಳ ಕಾಲದಲ್ಲಿ ಗೋವೆಯಿಂದ ಬಂದ ಪಾದ್ರಿಗಳಿಂದ ಅದು ಮೊದಲಾಯಿತೆಂದು ಹೇಳುತ್ತಾರೆ. ಅಂದು ಬಲಿಪೂಜೆಯ ಪ್ರಾರ್ಥನೆಗಳೂ ಗೀತಗಳೂ ಲ್ಯಾಟಿನ್ ಭಾಷೆಯಲ್ಲಿದ್ದವು; ದೇಶಭಾಷೆಗಳಿಗೆ ಅಲ್ಲಿ ಅನುಮತಿ ದೊರೆತುದು 1963ರ ವ್ಯಾಟಿಕನ್ ಮಹಾಸಭೆಯ ನಿರ್ಣಯದ ಬಳಿಕ. ತಮ್ಮ ನುಡಿಯಲ್ಲಿ ಹಾಡಿ ಬೆಳೆದ ಜನ ದೇವರೆದುರು ಮೂಕರಾಗಿ ನಿಲ್ಲಬೇಕೇ? ಗೋವೆಯಲ್ಲಿ ಈ ಪ್ರಶ್ನೆಗೆ ಕಾವ್ಯದಿಂದ ಉತ್ತರ ಕೊಟ್ಟವರು ಥಾಮಸ್ ಸ್ಟೀಫನ್ಸರು.

ಸುಮಾರು 1549ರಲ್ಲಿ ಇಂಗ್ಲೆಂಡಿನ ವಿಲ್ಟ್‌ಷೈರ್ ಪ್ರಾಂತದಲ್ಲಿ ವರ್ತಕರೊಬ್ಬರ ಮಗನಾಗಿ ಅವರು ಜನಿಸಿದರು. ಎಲಿಜಬೆತ್ ರಾಣಿಯ ಆಳಿಕೆಯಲ್ಲಿ ಕಥೋಲಿಕರಿಗೆ ಅಲ್ಲಿ ನೆಮ್ಮದಿಯಿರಲಿಲ್ಲ. ಸ್ಟೀಫನ್ಸರು ರೋಮಿಗೆ ಹೋಗಿ 1575ರಲ್ಲಿ ಯೇಸುಸಭೆಯನ್ನು ಸೇರಿದರು. 1579ರ ಏಪ್ರಿಲಿನಲ್ಲಿ ಲಿಸ್ಬನ್ನಿನಲ್ಲಿ ಹಡಗೇರಿ ಅಕ್ಟೋಬರಿನಲ್ಲಿ ಗೋವೆಯನ್ನು ಮುಟ್ಟಿದರು.

ಗೋವೆಯ ಸಾಷ್ಟಿ ಪ್ರಾಂತ ಅವರ ಕಾರ್ಯಕ್ಷೇತ್ರವಾಯಿತು. ಆದಿಲಶಾಹಿಗಳ ಕೈಯಿಂದ ಪೋರ್ಚುಗೀಜರಿಗೆ ಸೇರಿದ್ದ ಆ ನೆಲದಲ್ಲಿ ಆಗ ನಡೆದುದು ನೋವಿನ ಕಥೆ. ಆಳುವವರು ದೇವಾಲಯಗಳನ್ನು ಕೆಡವಿಸಿದರು. ಜನರ ಪುರಾಣಗ್ರಂಥಗಳನ್ನು ನಿಷೇಧಿಸಿದರು. 1583ರಲ್ಲಿ ಸಿಡಿದೆದ್ದ ಕುಂಕಳ್ಳಿಯ ಗ್ರಾಮಸ್ಥರು ಯೇಸುಸಭೆಯ ಐವರನ್ನು ಕೊಂದರು. ಆ ಕಳೇಬರಗಳನ್ನು ತರಿಸಿ ಸಂಸ್ಕಾರ ಮಾಡಿಸುವ ಕೆಲಸ ಸ್ಟೀಫನ್ಸರ ಪಾಲಿಗೆ ಬಂದಿತು.

ಅದೇ ವರ್ಷ ತಮ್ಮ ಸೋದರನಿಗೆ ಬರೆದ ಪತ್ರದಲ್ಲಿ ಅವರು ಈ ದೇಶದ ನುಡಿಗಳ ರಚನೆ ಗ್ರೀಕ್, ಲ್ಯಾಟಿನ್‌ಗಳನ್ನು ಹೋಲುತ್ತದೆಂದು ಗುರುತಿಸಿದ್ದರು. ವಿಲಿಯಂ ಜೋನ್ಸರು ಸಂಸ್ಕೃತವನ್ನು ಕುರಿತು ಇಂಥದೇ ಮಾತನ್ನು ಆಡಿದ್ದು ಎರಡು ಶತಮಾನಗಳ ತರುವಾಯ, 1786ರಲ್ಲಿ! ಕೊಂಕಣಿ, ಮರಾಠಿಗಳೆರಡನ್ನೂ ಸ್ಟೀಫನ್ಸರು ಆಳವಾಗಿ ಕಲಿತರು. ಅವರ ಕೊಂಕಣಿ ವ್ಯಾಕರಣ 1640ರಲ್ಲಿ ಅಚ್ಚಾಯಿತು. ಅದರ ಶೀರ್ಷಿಕೆ ಕೊಂಕಣಿಯನ್ನು ಕನಾರಿಂ ಎಂದು ಕರೆಯುತ್ತದೆ. ಹೆಸರನ್ನು ಕಂಡು ಕನ್ನಡವೆಂದು ಭ್ರಮಿಸಬಾರದು.

ಪುರಾಣಶ್ರವಣಕ್ಕೆ ಒಗ್ಗಿದ ಕಿವಿಗಳು ಪುರಾಣವಿಲ್ಲದೆ ಬರಿದಾಗಿದ್ದವು. ಹಳೆಯ ಗ್ರಂಥಗಳನ್ನು ಬಿಡಿಸಿದಿರಿ, ಬದಲಿಗೆ ಏನು ಕೊಡುವಿರಿ ಎಂದು ಹೊಸ ಕ್ರೈಸ್ತರು ಕೇಳಿದರು. ಸ್ಟೀಫನ್ಸರು ಆ ಕೊರಗಿಗೆ ಕಿವಿಗೊಟ್ಟರು. ಜ್ಞಾನೇಶ್ವರ, ಏಕನಾಥರು ಬಳಸಿದ ಓವಿ ಛಂದಸ್ಸನ್ನೇ ಆರಿಸಿಕೊಂಡರು. ನಮ್ಮ ಹೆಂಗಸರು ಬೀಸುವಾಗ ತ್ರಿಪದಿ ಹಾಡುವಂತೆ ಮರಾಠಿ ಹೆಂಗಸರು ಹಾಡುವುದು ಓವಿಯನ್ನು. ಲೋಕಸೃಷ್ಟಿಯಿಂದ ಕ್ರಿಸ್ತನ ಚರಿತೆಯವರೆಗೆ ಸುಮಾರು ಹನ್ನೊಂದು ಸಾವಿರ ಪದ್ಯಗಳ ಕ್ರಿಸ್ತಪುರಾಣ ಹೀಗೆ ಹುಟ್ಟಿತು. ಕೊಂಕಣಿ ಬೆರೆತ ಮರಾಠಿ ಅದರ ಭಾಷೆ; ಸ್ವರ್ಗಕ್ಕೆ ಅಲ್ಲಿ ವೈಕುಂಠವೆಂದೇ ಹೆಸರು. 1616ರಲ್ಲಿ ರಾಚೋಲಿನಲ್ಲಿ ರೋಮನ್ ಲಿಪಿಯಲ್ಲಿ ಅದು ಅಚ್ಚಾಯಿತು. ಮೂರು ವರ್ಷಗಳ ಬಳಿಕ, 1619ರಲ್ಲಿ, ಸ್ಟೀಫನ್ಸರು ತಾಯ್ನಾಡಿನಿಂದ ದೂರದಲ್ಲಿ ಕಣ್ಮುಚ್ಚಿದರು.

ಕಿತ್ತುಕೊಂಡ ಹಾಡಿಗೆ ಬದಲಾಗಿ ಕೊಟ್ಟ ಹಾಡು ಇದು. ಅದನ್ನು ಮರೆತು ಬರಿದೆ ಹೊಗಳುವುದು ನ್ಯಾಯವಲ್ಲ. ಆದರೆ ಜನರು ಅದನ್ನು ತಮ್ಮದಾಗಿಸಿಕೊಂಡರೆಂಬುದೂ ಅಷ್ಟೇ ನಿಜ. ಚರ್ಚುಗಳಲ್ಲಿ ಪೂಜೆಯ ಅನಂತರ ಅದನ್ನು ರಾಗವಾಗಿ ಓದುತ್ತಿದ್ದರು. 1684ರಲ್ಲಿ ಪೋರ್ಚುಗೀಜ್ ಸರಕಾರ ದೇಶಭಾಷೆಯನ್ನು ಬಿಡಬೇಕೆಂದು ಆಜ್ಞೆ ಹೊರಡಿಸಿತು. ಹಳೆಯ ಮುದ್ರಣಗಳ ಪ್ರತಿಗಳು ಇಲ್ಲವಾದವು. ಆದರೆ ಗೋವೆಯಿಂದ ತೆಂಕಣ ಕರಾವಳಿಗೆ ವಲಸೆ ಬಂದ ಕೊಂಕಣಿ ಕುಟುಂಬಗಳಲ್ಲಿ ಕೈಬರಹದ ಹೊತ್ತಗೆಗಳು ಉಳಿದಿದ್ದವು. ಮಂಗಳೂರಿನ ಜೋಸೆಫ್ ಸಲ್ಡಾನ್ಹಾ ಅವರು ಅಂಥ ಪ್ರತಿಗಳನ್ನು ಹೋಲಿಸಿ ನೋಡಿ, 1907ರಲ್ಲಿ ಮಂಗಳೂರಿನಲ್ಲಿಯೇ ಕ್ರಿಸ್ತಪುರಾಣವನ್ನು ಮತ್ತೆ ಅಚ್ಚುಮಾಡಿಸಿದರು.