ಜೈಲಿಗೆ ಹೋದ ಹುಡುಗ, ಕುಸಿದು ಬಿದ್ದ ನೊಣ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆ ಹೊಲಕ್ಕೆ ಹೊಡೆಯೋ ಕೀಟನಾಶಕಕ್ಕೆ ಎಣ್ಣೆ ಅಂತಲೇ ಹೆಸರು. ಹತ್ತಿಗೋ ಮೆಣಸಿನ ಗಿಡಕ್ಕೋ ಸೈಪರ್‌ಮೆಥ್ರಿನ್‌ನಂಥ ಎಣ್ಣೆ ಹೊಡೆದರೆ ಹುಳ ಮೊದಲು ನಡುಗುತ್ತೆ, ಆಮೇಲೆ ಬೀಳುತ್ತೆ. ನರದ ಮೇಲೆ ಸೋಡಿಯಂ ಒಳಬಿಡುವ ಸಣ್ಣ ಬಾಗಿಲುಗಳಿವೆ. ಆ ಬಾಗಿಲು ಸರಿಯಾಗಿ ಮುಚ್ಚದಂತೆ ಔಷಧ ತಡೆಯುತ್ತದೆ. ಕೀಟದ ನರ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಲು ಅರ್ಧ ಬದುಕು ಕೊಟ್ಟವರೊಬ್ಬರು ಬೆಂಗಳೂರಿನಲ್ಲಿದ್ದರು: ಒಬೈದ್ ಸಿದ್ದಿಕಿ.

ಹುಟ್ಟಿದ್ದು 1932ರಲ್ಲಿ, ಉತ್ತರ ಪ್ರದೇಶದ ಬಸ್ತಿಯಲ್ಲಿ. ಅಲಿಗಢದಲ್ಲಿ ಓದುವಾಗ ಎಡಪಂಥೀಯ ವಿದ್ಯಾರ್ಥಿ ಚಳವಳಿಗೆ ಇಳಿದು ಜೈಲು ಕಂಡರು. ಹೊರಬಂದ ಮೇಲೆ ಸಸ್ಯಶಾಸ್ತ್ರ ಮುಗಿಸಿ, ಗ್ಲಾಸ್ಗೋದಲ್ಲಿ ಗೀಡೋ ಪೊಂಟೆಕೋರ್ವೊ ಬಳಿ ತಳಿಶಾಸ್ತ್ರ ಕಲಿತರು. 1962ರಲ್ಲಿ ಹೋಮಿ ಭಾಭಾ ಅವರನ್ನು ಕರೆಸಿ, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅಣುಜೀವವಿಜ್ಞಾನ ವಿಭಾಗ ಕಟ್ಟುವ ಕೆಲಸ ಒಪ್ಪಿಸಿದರು.

70ರ ದಶಕದಲ್ಲಿ ಅಮೆರಿಕದ ಸೀಮರ್ ಬೆಂಜರ್ ಜೊತೆ ಸೇರಿ ಅವರು ಹಿಡಿದದ್ದು, ಕೊಳೆತ ಬಾಳೆಹಣ್ಣಿಗೆ ಮುತ್ತೋ ಪುಟ್ಟ ನೊಣವನ್ನು. ಕೆಲವು ರೂಪಾಂತರಿ ನೊಣಗಳು ಬಿಸಿ ಏರಿದ ಕೂಡಲೇ ಲಕ್ವ ಹೊಡೆದಂತೆ ಕುಸಿಯುತ್ತವೆ, ತಣ್ಣಗಾದರೆ ಎದ್ದು ಓಡಾಡುತ್ತವೆ. ತೊಂದರೆ ಎಲ್ಲಿ ಅಂತ ಇಬ್ಬರೂ ವಿದ್ಯುತ್ ಸಂಕೇತ ಅಳೆದು ಹುಡುಕಿದರು, 1976ರಲ್ಲಿ ಪ್ರಕಟಿಸಿದರು. ಅಂಥ ನೊಣಗಳಲ್ಲೊಂದು 'ಪ್ಯಾರಾ'. ಅದರಲ್ಲಿ ಕೆಟ್ಟಿದ್ದ ಜೀನ್ ಸೋಡಿಯಂ ಬಾಗಿಲಿನದ್ದೇ ಅಂತ ಬೇರೆ ವಿಜ್ಞಾನಿಗಳು 1989ರಲ್ಲಿ ತೋರಿಸಿದರು. ಎಣ್ಣೆ ಹೊಡೆದರೂ ಹುಳ ಯಾಕೆ ಸಾಯ್ತಿಲ್ಲ ಅನ್ನೋ ರೈತನ ಪ್ರಶ್ನೆಗೆ ಒಂದು ಉತ್ತರ ಅಲ್ಲಿದೆ: ಇದೇ ಜೀನ್ ಬದಲಾದ ಹುಳಕ್ಕೆ ಔಷಧ ನಾಟುವುದಿಲ್ಲ. ಪ್ರಮಾಣ ಹೆಚ್ಚಿಸಿದಷ್ಟೂ ಉಳಿಯೋದು ಅಂಥ ಹುಳಗಳೇ.

ಮುಂಬೈನಲ್ಲಿ ಶಿಷ್ಯೆ ವೆರೋನಿಕಾ ರೊಡ್ರಿಗಸ್ ಜೊತೆ ನೊಣದ ರುಚಿ, ವಾಸನೆಯ ಬೆನ್ನು ಹತ್ತಿದರು. 90ರ ದಶಕದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರ ತಲೆ ಎತ್ತಿತು. ಸಿದ್ದಿಕಿ ಅದರ ಸ್ಥಾಪಕ ನಿರ್ದೇಶಕ. 2006ರಲ್ಲಿ ಪದ್ಮವಿಭೂಷಣ ಬಂತು. ನಿರ್ದೇಶಕ ಹುದ್ದೆ ಬಿಟ್ಟ ಮೇಲೂ ಲ್ಯಾಬ್ ಬಿಡಲಿಲ್ಲ. 2013ರ ಜುಲೈನಲ್ಲಿ ರಸ್ತೆ ಅಪಘಾತಕ್ಕೆ ಸಿಕ್ಕು ಬೆಂಗಳೂರಿನಲ್ಲೇ ತೀರಿಕೊಂಡರು.

ಘೋಷಣೆ ಕೂಗಿದ ವಿದ್ಯಾರ್ಥಿಯ ಮೇಲೆ ಕೇಸು ಬಿದ್ದಾಗ, ಇನ್ನು ಇವನ ಕಥೆ ಮುಗೀತು ಅಂತ ನಾವು ಬೇಗ ಷರಾ ಬರೆದುಬಿಡ್ತೀವಿ. ನೊಣದ ಸಂಶೋಧನೆಗೆ ತೆರಿಗೆ ದುಡ್ಡು ಯಾಕೆ ಅಂತಲೂ ಅಷ್ಟೇ ಬೇಗ ಕೇಳ್ತೀವಿ. ಭಾಭಾ ಆ ಹಳೆಯ ಜೈಲುವಾಸವನ್ನು ಅಡ್ಡ ತರಲಿಲ್ಲ. ತಂದಿದ್ದರೆ ಮುಂಬೈನ ಆ ವಿಭಾಗವೂ ಜಿಕೆವಿಕೆಯ ಈ ಕೇಂದ್ರವೂ ಸಿದ್ದಿಕಿ ಕೈಯಲ್ಲಿ ಬೆಳೆಯುತ್ತಿರಲಿಲ್ಲ.