ಬಾಯಿ ಕಟ್ಟಿದ ವಕೀಲರು

1869ರಲ್ಲಿ ಪೋರಬಂದರಿನಲ್ಲಿ ಹುಟ್ಟಿದ ಮೋಹನದಾಸ ಗಾಂಧಿಯವರು ಚಿಕ್ಕಂದಿನಿಂದಲೂ ಬಲು ಸಂಕೋಚದವರು. ಶಾಲೆ ಬಿಟ್ಟೊಡನೆ, ಯಾರಾದರೂ ಮಾತಿಗೆಳೆದಾರೆಂದು ಮನೆಗೆ ಓಡುತ್ತಿದ್ದರು. ಲಂಡನ್ನಿನ ಸಸ್ಯಾಹಾರಿಗಳ ಸಂಘಕ್ಕೆ ಬರೆದುಕೊಂಡು ಹೋದದ್ದನ್ನೂ ಓದಲಾಗಲಿಲ್ಲ, ಬೇರೊಬ್ಬರು ಓದಬೇಕಾಯಿತು. ಬ್ಯಾರಿಸ್ಟರಾಗಿ ಮುಂಬಯಿಗೆ ಬಂದ ಮೇಲೆ ಮೊದಲ ಮೊಕದ್ದಮೆಯಲ್ಲಿ ಪಾಟೀಸವಾಲಿಗೆ ಎದ್ದು ನಿಂತರು. ಬಾಯಿ ಕಟ್ಟಿತು. 30 ರೂಪಾಯಿ ಶುಲ್ಕ ಮರಳಿಸಿ ಹೊರನಡೆದರು.

1893ರಲ್ಲಿ ಕೆಲಸಕ್ಕಾಗಿ ದಕ್ಷಿಣ ಆಫ್ರಿಕಾಕ್ಕೆ ಹೋದರು. ಮೊದಲ ದರ್ಜೆಯ ಟಿಕೆಟ್ ಇದ್ದರೂ ಮೈಬಣ್ಣದ ಕಾರಣಕ್ಕೆ ಪೀಟರ್‌ಮರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಅವರನ್ನು ರೈಲಿನಿಂದ ಹೊರದಬ್ಬಲಾಯಿತು. ಚಳಿಯಲ್ಲಿ ನಡುಗುತ್ತ ಕುಳಿತು, ಊರಿಗೆ ಮರಳಲೋ, ಇಲ್ಲೇ ನಿಂತು ಎದುರಿಸಲೋ ಎಂದು ಯೋಚಿಸಿದರು. ನಿಂತರು. ಪ್ರಿಟೋರಿಯಾ ತಲುಪಿದ ಮೇಲೆ ಅಲ್ಲಿನ ಭಾರತೀಯರ ಸಭೆ ಕರೆಸಿ, ಅವರ ಕಷ್ಟಗಳ ಬಗ್ಗೆ ಮಾತಾಡಿದರು. ಅದೇ ಅವರ ಮೊದಲ ಸಾರ್ವಜನಿಕ ಭಾಷಣವೆನ್ನಬಹುದು. ಇಂಗ್ಲಿಷ್ ಕಲಿಯಬಯಸಿದ ಒಬ್ಬ ಕ್ಷೌರಿಕ, ಒಬ್ಬ ಗುಮಾಸ್ತ, ಒಬ್ಬ ಸಣ್ಣ ಅಂಗಡಿಯವನಿಗೆ, ಅವರಿದ್ದಲ್ಲಿಗೇ ಹೋಗಿ ಪಾಠ ಹೇಳಿದರು. ಜನರ ಎದುರು ನಿಲ್ಲಲು ಹೆದರುತ್ತಿದ್ದವರು ತಾವೇ ಜನರ ಬಾಗಿಲಿಗೆ ಹೋಗತೊಡಗಿದ್ದರು.

1924ರ ಡಿಸೆಂಬರಿನಲ್ಲಿ, ನಮ್ಮ ಬೆಳಗಾವಿಯ ಕಾಂಗ್ರೆಸ್ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. ಅವರು ಅಧ್ಯಕ್ಷತೆ ವಹಿಸಿದ ಅಧಿವೇಶನ ಅದೊಂದೇ.

ಆದರೂ ಮೌನದ ನಂಟು ಬಿಡಲಿಲ್ಲ. ಸೋಮವಾರದಂದು ಮಾತು ಬಿಟ್ಟು, ಚೀಟಿಯಲ್ಲಿ ಬರೆದು ತಿಳಿಸುತ್ತಿದ್ದರು. ಸಂಕೋಚವೇ ತಮಗೆ ಅಳೆದು ಮಾತಾಡುವುದನ್ನು ಕಲಿಸಿತೆಂದು ಆತ್ಮಕಥೆಯಲ್ಲಿ ನೆನೆದಿದ್ದಾರೆ.

ಸಂಘದ ವೇದಿಕೆ ಹತ್ತಲು ಹಿಂಜರಿಯುವ ಮಕ್ಕಳು ನಮ್ಮ ಗಡಿಯೂರುಗಳಲ್ಲೂ ಇದ್ದಾರೆ. ಅವರಿಗೆ ಈ ಕಥೆ ಹೇಳಿ, ಅವಸರ ಮಾತ್ರ ಮಾಡಬೇಡಿ.