ಪಂದ್ಯವನ್ನೇ ಒಂದು ವರ್ಷ ನಿಲ್ಲಿಸಿದ ಹುಡುಗ ಟಾಮಿ ಮೋರಿಸ್

ಗಾಲ್ಫ್ ಆಟದಲ್ಲಿ ಬ್ರಿಟನ್ನಿನ ಓಪನ್ ಚಾಂಪಿಯನ್‌ಶಿಪ್ ಗೆದ್ದವರಿಗೆ ಒಂದು ಬೆಳ್ಳಿಯ ಹೂಜಿ ಕೊಡುತ್ತಾರೆ. ಕ್ಲಾರೆಟ್ ಜಗ್ ಎಂದು ಅದರ ಹೆಸರು. ಪ್ರತಿ ವರ್ಷ ಗೆದ್ದವರ ಹೆಸರನ್ನು ಅದರ ಮೇಲೆ ಕೆತ್ತಿಸುವುದು ರೂಢಿ. ಆ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ಇರುವ ಹೆಸರು ಟಾಮ್ ಮೋರಿಸ್ ಜೂನಿಯರ್. ಇಸವಿ 1872. ಆದರೆ ಗೆದ್ದ ದಿನ ಆ ಹೂಜಿ ಅವನ ಕೈಗೆ ಬರಲಿಲ್ಲ. ಅದಿನ್ನೂ ತಯಾರೇ ಆಗಿರಲಿಲ್ಲ. ಮೂರು ವರ್ಷ ಕಳೆದ ಕೆಲವೇ ತಿಂಗಳಲ್ಲಿ ಅವನೇ ಇರಲಿಲ್ಲ. ತೀರಿಕೊಂಡಾಗ ಅವನಿಗೆ ಬರೀ 24 ವರ್ಷ.

ಗಾಲ್ಫ್ ಅಂದರೆ ನಮ್ಮ ಕಡೆ ದೊಡ್ಡವರ ಆಟವೆಂಬ ಭಾವನೆ ಇದೆ. ಬ್ರಿಟಿಷರ ಜೊತೆ ಅದು 1829ರಲ್ಲೇ ಕಲ್ಕತ್ತಾಕ್ಕೆ ಬಂತು. ಬೆಂಗಳೂರಿನ ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ, ಟಾಮಿ ತೀರಿಕೊಂಡ ಮರುವರ್ಷ. ಆಟದ ನಿಯಮ ಮಾತ್ರ ಸರಳ. ದೊಡ್ಡ ಹುಲ್ಲುಗಾವಲಿನಲ್ಲಿ ದೂರ ದೂರಕ್ಕೆ ಸಣ್ಣ ಕುಳಿಗಳಿರುತ್ತವೆ. ನೆಲದ ಮೇಲಿರುವ ಚೆಂಡನ್ನು ಕೋಲಿನಿಂದ ಹೊಡೆಯುತ್ತ ಒಂದೊಂದೇ ಕುಳಿಗೆ ಬೀಳಿಸುತ್ತ ಹೋಗಬೇಕು. ಕ್ರಿಕೆಟ್‌ನಲ್ಲಿ ಹೆಚ್ಚು ರನ್ ಮಾಡಿದವರು ಗೆದ್ದರೆ, ಇಲ್ಲಿ ಕಡಿಮೆ ಹೊಡೆತದಲ್ಲಿ ಮುಗಿಸಿದವರು ಗೆದ್ದಂತೆ.

ನೇಕಾರನ ಮನೆಯಿಂದ

ಟಾಮಿಯ ಊರು ಸ್ಕಾಟ್ಲೆಂಡಿನ ಕಡಲತೀರದ ಸೇಂಟ್ ಆ್ಯಂಡ್ರೂಸ್. ಅಜ್ಜ ಕೈಮಗ್ಗದ ನೇಕಾರ. ಅಪ್ಪನ ಹೆಸರೂ ಟಾಮ್ ಮೋರಿಸ್. ಅವರು ಚಿಕ್ಕಂದಿನಲ್ಲೇ ಗಾಲ್ಫ್ ಚೆಂಡು ಮಾಡುವ ಕೆಲಸ ಕಲಿತರು. ಆಗಿನ ಕಾಲಕ್ಕೆ ಆಟವನ್ನೇ ಕಸುಬು ಮಾಡಿಕೊಂಡವರೆಂದರೆ ಸಿರಿವಂತರ ಕೋಲಿನ ಚೀಲ ಹೊರುವವರು, ಚೆಂಡು ಮತ್ತು ಕೋಲು ಮಾಡುವವರು, ಮೈದಾನ ನೋಡಿಕೊಳ್ಳುವವರು. ಕ್ಲಬ್ಬಿನ ಸದಸ್ಯರು ಧಣಿಗಳು, ಇವರು ಆಳುಗಳು ಎಂಬಂತಿತ್ತು ವ್ಯವಸ್ಥೆ. ಧಣಿಗಳು ಇವರ ಮೇಲೆ ಹಣ ಕಟ್ಟಿ ಪಂದ್ಯ ಆಡಿಸುತ್ತಿದ್ದರು.

ಟಾಮ್ ಮತ್ತು ಆಗ್ನೆಸ್ ದಂಪತಿಗೆ ಮೊದಲು ಹುಟ್ಟಿದ ಗಂಡುಮಗುವಿಗೂ ಟಾಮ್ ಎಂದೇ ಹೆಸರಿಟ್ಟಿದ್ದರು. 1850ರಲ್ಲಿ ಆ ಮಗು ನಾಲ್ಕನೇ ವಯಸ್ಸಿಗೆ ತೀರಿಕೊಂಡಿತು. ಮರುವರ್ಷ, 1851ರ ಏಪ್ರಿಲ್ 20ರಂದು ಮತ್ತೊಂದು ಗಂಡು ಹುಟ್ಟಿದಾಗ ಹೋದ ಮಗುವಿನ ಹೆಸರನ್ನೇ ಇದಕ್ಕೂ ಇಟ್ಟರು. ಅವನೇ ನಮ್ಮ ಕಥಾನಾಯಕ ಟಾಮಿ. ಅದೇ ವರ್ಷ ಅಪ್ಪನಿಗೆ ಪಶ್ಚಿಮ ತೀರದ ಪ್ರೆಸ್ಟ್‌ವಿಕ್‌ನಲ್ಲಿ ಮೈದಾನ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಕೈಗೂಸನ್ನು ಎತ್ತಿಕೊಂಡು ಸಂಸಾರ ಅಲ್ಲಿಗೆ ಹೊರಟಿತು. ಅಲ್ಲಿ 12 ಕುಳಿಗಳ ಮೈದಾನವನ್ನು ರೂಪಿಸಿದವರು ಟಾಮಿಯ ಅಪ್ಪನೇ. ಆ ಮೈದಾನದಲ್ಲೇ ಮಗ ಆಡುತ್ತ ಬೆಳೆದ.

ಸೊಂಟಪಟ್ಟಿಯ ಪಂದ್ಯ

ಇಂದು ಗಂಡಸರ ಗಾಲ್ಫ್‌ನಲ್ಲಿ ಮೇಜರ್ ಎಂದು ಕರೆಸಿಕೊಳ್ಳುವ ದೊಡ್ಡ ಪಂದ್ಯಗಳು ನಾಲ್ಕು. ಉಳಿದ ಮೂರೂ ಅಮೆರಿಕದವು, ಅವೆಲ್ಲ ಆಮೇಲೆ ಶುರುವಾದವು. ಟಾಮಿಯ ಕಾಲದಲ್ಲಿ ಇದ್ದದ್ದು ಓಪನ್ ಒಂದೇ. 1860ರ ಅಕ್ಟೋಬರ್ 17ರಂದು ಪ್ರೆಸ್ಟ್‌ವಿಕ್‌ನಲ್ಲಿ ಅದು ಆರಂಭವಾದಾಗ ಆಡಿದವರು ಎಂಟೇ ಜನ. 12 ಕುಳಿಗಳ ಮೈದಾನವನ್ನು ಒಂದೇ ದಿನ ಮೂರು ಸುತ್ತು ಹಾಕಬೇಕಿತ್ತು. ಗೆದ್ದವರಿಗೆ ಹಣ ಇಲ್ಲ. ಬೆಳ್ಳಿಯ ತಗಡು ಕೂರಿಸಿದ ಕೆಂಪು ಚರ್ಮದ ಸೊಂಟಪಟ್ಟಿಯೊಂದನ್ನು ಒಂದು ವರ್ಷದ ಮಟ್ಟಿಗೆ ಕೊಡುತ್ತಿದ್ದರು. ಮುಂದಿನ ವರ್ಷ ಅದನ್ನು ತಂದು ಒಪ್ಪಿಸಬೇಕು. ಸತತ ಮೂರು ವರ್ಷ ಗೆದ್ದವನಿಗೆ ಮಾತ್ರ ಪಟ್ಟಿ ಶಾಶ್ವತವಾಗಿ ಸ್ವಂತ.

ಮೊದಲ ವರ್ಷ ಮಸಲ್‌ಬರ್ಗ್‌ನ ವಿಲ್ಲಿ ಪಾರ್ಕ್ ಗೆದ್ದರು. ಟಾಮಿಯ ಅಪ್ಪ ಎರಡು ಹೊಡೆತಗಳಿಂದ ಸೋತು ಎರಡನೆಯವರಾದರು. 1861 ಮತ್ತು 1862ರಲ್ಲಿ ಅಪ್ಪನದೇ ಗೆಲುವು. 1862ರಲ್ಲಂತೂ 13 ಹೊಡೆತಗಳ ಅಂತರ. ಓಪನ್‌ನಲ್ಲಿ ಅಷ್ಟು ದೊಡ್ಡ ಅಂತರದ ಗೆಲುವು ಮತ್ತೆ ಯಾರಿಗೂ ಸಿಕ್ಕಿಲ್ಲ. ಇನ್ನೊಂದು ಸಲ ಗೆದ್ದಿದ್ದರೆ ಪಟ್ಟಿ ಮನೆಗೇ ಬರುತ್ತಿತ್ತು. ಆದರೆ 1863ರಲ್ಲಿ ವಿಲ್ಲಿ ಪಾರ್ಕ್ ಮತ್ತೆ ಗೆದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬಂತಾಯಿತು. ಆಗ ಟಾಮಿಗೆ 12 ವರ್ಷ.

1864ರ ವಸಂತದಲ್ಲಿ ಪರ್ತ್ ಎಂಬ ಊರಿನಲ್ಲಿ ದೊಡ್ಡ ಪಂದ್ಯಕೂಟ ನಡೆದಾಗ ಅಪ್ಪ ಮಗನನ್ನೂ ಕರೆದುಕೊಂಡು ಹೋದರು. ಅಲ್ಲಿನ ಒಬ್ಬ ಹುಡುಗನ ಎದುರು ಟಾಮಿಗೆ ಆಡಲು ಬಿಟ್ಟರು. ಟಾಮಿ ಸುಲಭವಾಗಿ ಗೆದ್ದು ಐದು ಪೌಂಡ್ ಬಹುಮಾನ ಪಡೆದ. ಮರುವರ್ಷ, 14ನೇ ವಯಸ್ಸಿನಲ್ಲಿ, ಓಪನ್‌ಗೇ ಇಳಿದ. ಆ ಸಲ ಪಂದ್ಯ ಪೂರ್ತಿ ಮಾಡಲಿಲ್ಲ. 1866ರಲ್ಲಿ ಒಂಬತ್ತನೆಯವನಾದ. 1867ರಲ್ಲಿ ನಾಲ್ಕನೆಯವನಾದ. ಆ ವರ್ಷ ಗೆದ್ದದ್ದು ಅಪ್ಪ, ಅವರಿಗೆ ಅದು ನಾಲ್ಕನೇ ಗೆಲುವು.

ಅಪ್ಪನನ್ನು ಸೋಲಿಸಿದ ಮಗ

1868ರ ಸೆಪ್ಟೆಂಬರ್. ಟಾಮಿಗೆ 17 ವರ್ಷ ಐದು ತಿಂಗಳು. ಆ ವರ್ಷದ ಓಪನ್‌ನಲ್ಲಿ ಅವನೇ ಮೊದಲಿಗ. ಮೂರು ಹೊಡೆತ ಹೆಚ್ಚು ತೆಗೆದುಕೊಂಡು ಎರಡನೆಯವರಾದದ್ದು ಬೇರೆ ಯಾರೂ ಅಲ್ಲ, ಸ್ವಂತ ಅಪ್ಪ. ಹಿಂದಿನ ವರ್ಷ 46ನೇ ವಯಸ್ಸಿನಲ್ಲಿ ಗೆದ್ದ ಅಪ್ಪ ಓಪನ್‌ನ ಅತಿ ಹಿರಿಯ ಚಾಂಪಿಯನ್. ಮರುವರ್ಷ ಗೆದ್ದ ಮಗ ಅತಿ ಕಿರಿಯ ಚಾಂಪಿಯನ್. ಒಂದೂವರೆ ಶತಮಾನ ಕಳೆದರೂ ಈ ಎರಡು ದಾಖಲೆಗಳು ಒಂದೇ ಮನೆಯಲ್ಲಿ ಉಳಿದಿವೆ.

ಟಾಮಿಯ ಆಟದಲ್ಲಿ ಹೊಸತನವಿತ್ತು. ಗಾಡಿ ಚಕ್ರದ ಹಳ್ಳಕ್ಕೆ ಬಿದ್ದ ಚೆಂಡನ್ನು ಮೇಲೆತ್ತಲು ಒಂದು ಸಣ್ಣ ಕಬ್ಬಿಣದ ಕೋಲು ಬಳಸುತ್ತಿದ್ದರು. ಟಾಮಿ ಅದನ್ನು ಬಯಲಲ್ಲೇ ಬಳಸತೊಡಗಿದ. ಕುಳಿಯ ಹತ್ತಿರ ಬಂದಾಗ ಆ ಕೋಲಿನಿಂದ ಚೆಂಡನ್ನು ಎತ್ತರಕ್ಕೆ ಹಾರಿಸಿ, ಬಿದ್ದಲ್ಲೇ ನಿಲ್ಲುವಂತೆ ಮಾಡುತ್ತಿದ್ದ. ಜೋರಾಗಿ ಬೀಸಿದರೆ ತಲೆಯ ಮೇಲಿನ ಟೋಪಿ ಕೆಳಗೆ ಬೀಳುತ್ತಿತ್ತಂತೆ.

1869ರಲ್ಲಿ ಮತ್ತೆ ಗೆದ್ದ, ಅಂತರ 11 ಹೊಡೆತ. ಆ ಪಂದ್ಯದಲ್ಲಿ 166 ಗಜ ದೂರದ ಎಂಟನೇ ಕುಳಿಗೆ ಒಂದೇ ಹೊಡೆತದಲ್ಲಿ ಚೆಂಡು ಬೀಳಿಸಿದ. ಮೇಜರ್ ಪಂದ್ಯಗಳ ಇತಿಹಾಸದಲ್ಲಿ ದಾಖಲಾದ ಇಂತಹ ಮೊದಲ ಹೊಡೆತ ಅದು.

ಇನ್ನು ಬಾಕಿ ಇದ್ದದ್ದು ಮೂರನೇ ಗೆಲುವು, ಅಪ್ಪನ ಕೈ ತಪ್ಪಿದ ಗೆಲುವು. 1870ರಲ್ಲಿ ಪ್ರೆಸ್ಟ್‌ವಿಕ್‌ನ ಮೊದಲ ಕುಳಿಯೇ 578 ಗಜ ಉದ್ದ, ಅಂದರೆ ಅರ್ಧ ಕಿಲೋಮೀಟರಿಗೂ ಹೆಚ್ಚು. ಚೆಂಡೋ ಮಲಯಾ ಕಡೆಯ ಮರದ ಅಂಟನ್ನು ಕಾಯಿಸಿ ಉಂಡೆ ಮಾಡಿದ್ದು. ಟಾಮಿ ಆ ಕುಳಿಯನ್ನು ಮೂರೇ ಹೊಡೆತಕ್ಕೆ ಮುಗಿಸಿದ. ಮೊದಲ ಸುತ್ತಿಗೆ 47 ಹೊಡೆತ, ಆಮೇಲಿನ ಎರಡು ಸುತ್ತಿಗೆ 51, 51. ಒಟ್ಟು 149. ಎರಡನೇ ಸ್ಥಾನ ಹಂಚಿಕೊಂಡ ಬಾಬ್ ಕರ್ಕ್ ಮತ್ತು ಡೇವಿ ಸ್ಟ್ರಾತ್ 12 ಹೊಡೆತ ಹಿಂದಿದ್ದರು. ಓಪನ್ 36 ಕುಳಿಗಳ ಪಂದ್ಯವಾಗಿದ್ದದ್ದು 1891ರವರೆಗೆ. ಅಲ್ಲಿಯ ತನಕ 149ಕ್ಕಿಂತ ಕಡಿಮೆಯಲ್ಲಿ ಮುಗಿಸಿದವರು ಯಾರೂ ಇಲ್ಲ.

ನಿಯಮದಂತೆ ಸೊಂಟಪಟ್ಟಿ ಟಾಮಿಯ ಸ್ವಂತದ್ದಾಯಿತು. ಆಗ ಅವನಿಗೆ 19 ವರ್ಷ.

ಬಹುಮಾನವೇ ಇಲ್ಲದ ವರ್ಷ

ಈಗ ಪ್ರೆಸ್ಟ್‌ವಿಕ್ ಕ್ಲಬ್ಬಿಗೆ ಹೊಸ ಸಮಸ್ಯೆ. ಪಟ್ಟಿ ಟಾಮಿಯ ಮನೆ ಸೇರಿದ ಮೇಲೆ ಗೆದ್ದವರಿಗೆ ಕೊಡುವುದೇನು? ಮಾತುಕತೆ ಮುಗಿಯಲಿಲ್ಲ, 1871ರಲ್ಲಿ ಓಪನ್ ನಡೆಯಲೇ ಇಲ್ಲ. ಒಬ್ಬ ಹುಡುಗ ಚೆನ್ನಾಗಿ ಆಡಿದ್ದಕ್ಕೆ ಪಂದ್ಯವೇ ನಿಂತುಹೋಯಿತು ಎಂದರೆ ತಪ್ಪಾಗಲಾರದು.

ಕೊನೆಗೆ ಪ್ರೆಸ್ಟ್‌ವಿಕ್, ಸೇಂಟ್ ಆ್ಯಂಡ್ರೂಸ್ ಮತ್ತು ಎಡಿನ್‌ಬರ್ಗ್‌ನ ಕ್ಲಬ್ಬುಗಳು ತಲಾ 10 ಪೌಂಡ್ ಹಾಕಿ ಬೆಳ್ಳಿಯ ಹೂಜಿ ಮಾಡಿಸಲು ಒಪ್ಪಿದವು. ಪಂದ್ಯವನ್ನು ಮೂರು ಮೈದಾನಗಳಲ್ಲಿ ಸರದಿಯಂತೆ ನಡೆಸುವುದೆಂದೂ ನಿಶ್ಚಯವಾಯಿತು. 1872ರ ಸೆಪ್ಟೆಂಬರ್‌ನಲ್ಲಿ ಪ್ರೆಸ್ಟ್‌ವಿಕ್‌ನಲ್ಲಿ ಓಪನ್ ಮತ್ತೆ ನಡೆಯಿತು. ಎರಡು ಸುತ್ತು ಮುಗಿದಾಗ ಗೆಳೆಯ ಡೇವಿ ಸ್ಟ್ರಾತ್ ಐದು ಹೊಡೆತ ಮುಂದಿದ್ದ. ಕೊನೆಯ ಸುತ್ತಿನಲ್ಲಿ ಸ್ಟ್ರಾತ್ ಎಡವಿದ, ಟಾಮಿ ಮೂರು ಹೊಡೆತಗಳಿಂದ ಗೆದ್ದ. ಹೂಜಿ ಬಂದಿರಲಿಲ್ಲವಾದ್ದರಿಂದ ಅವನಿಗೆ ಒಂದು ಪದಕ ಕೊಟ್ಟು ಕಳಿಸಿದರು. 1873ರಲ್ಲಿ ಗೆದ್ದ ಟಾಮ್ ಕಿಡ್‌ಗೆ ಹೂಜಿ ಮೊದಲು ಸಿಕ್ಕಿತು. ಆದರೆ ಹೆಸರು ಕೆತ್ತಿಸುವಾಗ ಮೊದಲ ಸ್ಥಾನ ಟಾಮಿಗೇ ಸಂದಿತು.

1873ರಲ್ಲಿ ಟಾಮಿ ಮೂರನೇ ಸ್ಥಾನ ಹಂಚಿಕೊಂಡ. 1874ರಲ್ಲಿ ವಿಲ್ಲಿ ಪಾರ್ಕ್ ಅವರ ತಮ್ಮ ಮಂಗೋ ಪಾರ್ಕ್ ಎದುರು ಎರಡು ಹೊಡೆತಗಳಿಂದ ಸೋತು ಎರಡನೆಯವನಾದ. ಅದೇ ಅವನ ಕೊನೆಯ ಓಪನ್.

ತಂತಿ ಬಂದ ದಿನ

1874ರ ನವೆಂಬರ್‌ನಲ್ಲಿ ಟಾಮಿಯ ಮದುವೆಯಾಯಿತು. ಹುಡುಗಿ ಮಾರ್ಗರೆಟ್ ಡ್ರಿನನ್. ಗಣಿ ಕಾರ್ಮಿಕರ ಮನೆಯವಳು, ಮನೆಗೆಲಸ ಮಾಡಿಕೊಂಡಿದ್ದವಳು, ವಯಸ್ಸಿನಲ್ಲಿ ಟಾಮಿಗಿಂತ ದೊಡ್ಡವಳು. ಮರುವರ್ಷ ಅವಳು ತುಂಬು ಗರ್ಭಿಣಿ.

1875ರ ಸೆಪ್ಟೆಂಬರ್‌ನಲ್ಲಿ ನಾರ್ತ್ ಬೆರ್ವಿಕ್ ಎಂಬಲ್ಲಿ ಅಪ್ಪ ಮಗ ಒಂದು ಕಡೆ, ಪಾರ್ಕ್ ಸಹೋದರರು ಇನ್ನೊಂದು ಕಡೆಯಾಗಿ ಪಂದ್ಯ ನಡೆಯಿತು. ಆಟ ಮುಗಿಯುವ ಹೊತ್ತಿಗೆ ತಂತಿ ಬಂತು. ಮಾರ್ಗರೆಟ್‌ಗೆ ಹೆರಿಗೆ ಕಷ್ಟವಾಗಿದೆ, ಕೂಡಲೇ ಬರಬೇಕು ಎಂಬ ಸುದ್ದಿ. ರೈಲಿನಲ್ಲಿ ಸುತ್ತಿ ಬಳಸಿ ಹೋಗಲು ತಡವಾಗುತ್ತದೆಂದು ಒಬ್ಬರು ತಮ್ಮ ಹಾಯಿದೋಣಿ ಕೊಟ್ಟರು. ಅಪ್ಪ ಮಗ ಕಡಲ ಕೊಲ್ಲಿ ದಾಟಿ ಊರಿನ ಕಡೆ ಹೊರಟರು. ಆದರೆ ಟಾಮಿ ಮನೆ ಮುಟ್ಟುವ ಹೊತ್ತಿಗೆ ಹೆಂಡತಿಯೂ ಇರಲಿಲ್ಲ, ಗಂಡುಮಗುವೂ ಉಳಿದಿರಲಿಲ್ಲ.

ಆಮೇಲೆ ಟಾಮಿ ಮೊದಲಿನ ಟಾಮಿಯಾಗಿ ಉಳಿಯಲಿಲ್ಲ. ಆದರೂ ಆ ಚಳಿಗಾಲದಲ್ಲಿ ಒಂದು ಸವಾಲಿನ ಪಂದ್ಯ ಒಪ್ಪಿಕೊಂಡ. ಆರ್ಥರ್ ಮೋಲ್ಸ್‌ವರ್ತ್ ಎಂಬ ಹವ್ಯಾಸಿ ಆಟಗಾರನ ಎದುರು ಸೇಂಟ್ ಆ್ಯಂಡ್ರೂಸ್‌ನಲ್ಲಿ ಆರು ದಿನಗಳ ಆಟ. ಎದುರಾಳಿಗೆ ಮೂರು ಕುಳಿಗೊಂದರಂತೆ ಹೊಡೆತದ ರಿಯಾಯಿತಿ ಕೊಟ್ಟು ಆಡಬೇಕಿತ್ತು. ಮೈದಾನದಲ್ಲಿ ಹಿಮ ಬಿದ್ದಿದ್ದರೂ ಆಟ ನಿಲ್ಲಲಿಲ್ಲ. ಟಾಮಿ ಗೆದ್ದ, ಆದರೆ ಮೈ ಸೋತಿತ್ತು.

ಅದೇ ಡಿಸೆಂಬರ್ 25ರ ಕ್ರಿಸ್ಮಸ್ ಬೆಳಿಗ್ಗೆ ಟಾಮಿ ಹಾಸಿಗೆಯಿಂದ ಏಳಲಿಲ್ಲ. ಶ್ವಾಸಕೋಶದಲ್ಲಿ ರಕ್ತಸ್ರಾವವಾಗಿ ಪ್ರಾಣ ಹೋಗಿತ್ತು. ಹೆಂಡತಿ ಮಗುವಿನ ಕೊರಗಿನಲ್ಲೇ ಎದೆಯೊಡೆದು ಸತ್ತ ಎಂದು ಊರು ಮಾತಾಡಿಕೊಂಡಿತು.

ಉಳಿದುಕೊಂಡ ಅಪ್ಪ

ಅಪ್ಪ ಇನ್ನೂ 32 ವರ್ಷ ಬದುಕಿದರು. ಮರುವರ್ಷವೇ ಹೆಂಡತಿ ಆಗ್ನೆಸ್ ತೀರಿಕೊಂಡರು. ಉಳಿದ ಮಕ್ಕಳೂ ಒಬ್ಬೊಬ್ಬರಾಗಿ ಅಪ್ಪನಿಗಿಂತ ಮೊದಲೇ ಹೋದರು. ಸೇಂಟ್ ಆ್ಯಂಡ್ರೂಸ್ ಮೈದಾನದ ಕೆಲಸವನ್ನು ಮಾತ್ರ ಅವರು ಬಿಡಲಿಲ್ಲ, 80 ದಾಟಿದ ಮೇಲೂ ನೋಡಿಕೊಂಡರು. 1908ರ ಮೇ ತಿಂಗಳಲ್ಲಿ ಕ್ಲಬ್ಬೊಂದರ ಮೆಟ್ಟಿಲಿನಿಂದ ಬಿದ್ದು ತೀರಿಕೊಂಡಾಗ ಅವರಿಗೆ 86 ವರ್ಷ. ಮಗ ಗೆದ್ದ ಸೊಂಟಪಟ್ಟಿ ಆಮೇಲೆ ಕುಟುಂಬದವರ ಮೂಲಕ ಸೇಂಟ್ ಆ್ಯಂಡ್ರೂಸ್‌ನ ಕ್ಲಬ್ಬಿಗೆ ಬಂತು.

ಲೆಕ್ಕ ಹಾಕಿದರೆ ಟಾಮಿ ಆಡಿದ ಓಪನ್‌ಗಳು ಒಂಬತ್ತು, ಗೆದ್ದದ್ದು ನಾಲ್ಕು. 1868, 1869, 1870, 1872. ನಡುವಿನ ವರ್ಷ ಪಂದ್ಯವೇ ನಡೆಯದ್ದರಿಂದ ಇವು ಸತತ ನಾಲ್ಕು ಗೆಲುವುಗಳು. ಆಮೇಲೆ ಸತತ ಮೂರು ಸಲ ಓಪನ್ ಗೆದ್ದವರಿದ್ದಾರೆ. ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್ 1954ರಿಂದ 1956ರವರೆಗೆ ಆ ಸಾಧನೆ ಮಾಡಿದರು. ಸತತ ನಾಲ್ಕು ಓಪನ್ ಗೆದ್ದವರು ಟಾಮಿ ಬಿಟ್ಟರೆ ಇನ್ನೊಬ್ಬರಿಲ್ಲ.

ಸೇಂಟ್ ಆ್ಯಂಡ್ರೂಸ್‌ನ ಪಾಳುಬಿದ್ದ ಹಳೆಯ ಇಗರ್ಜಿಯ ಆವರಣದಲ್ಲಿ ಟಾಮಿಯ ಸಮಾಧಿ ಇದೆ. 60 ಗಾಲ್ಫ್ ಸಂಘಗಳು ಹಣ ಕೂಡಿಸಿ 1878ರಲ್ಲಿ ಅಲ್ಲೊಂದು ಸ್ಮಾರಕ ಮಾಡಿಸಿದವು. ತಲೆಗೆ ಟೋಪಿ ಹಾಕಿ, ಕೋಲು ಹಿಡಿದು, ಚೆಂಡಿನ ಕಡೆ ಬಗ್ಗಿ ನಿಂತ ಹುಡುಗನ ರೂಪವನ್ನು ಕಲ್ಲಿನಲ್ಲಿ ಕಡೆದಿದ್ದಾರೆ. ಹತ್ತಿರದಲ್ಲೇ ಅಪ್ಪನೂ ಮಲಗಿದ್ದಾರೆ.